ಹಲಗೆಯಿಲ್ಲದೆ ಚಪ್ಪಾಳೆಯಿಲ್ಲ

ಕಾಲುವೆ ತೋಡುವ ದಿನಗಳಲ್ಲಿ ಗಿಟಾರಿನ ಜೊತೆ ಹಲಗೆ ಬಾರಿಸಿ ಹಾಡುತ್ತಿದ್ದ ನಮ್ಮ ನೆಚ್ಚಿನ ತಂಡ, ಎಷ್ಟೋ ವರ್ಷಗಳ ಮೇಲೆ ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನಲ್ಲಿ ಮತ್ತೆ ಒಂದಾಗಿತ್ತು. ಆದರೆ ತಂಡದಲ್ಲಿ ಹಲಗೆ ಬಾರಿಸುವ ಅಜ್ಜನನ್ನು ಸಂಘಟಕರು ವೇದಿಕೆಯ ಕೆಳಗೇ ಕೂರಿಸಿದ್ದರು. ಮೊದಲ ಹಾಡು ಮುಗಿದಾಗ ನಾವು ಕೈಕಟ್ಟಿ ಕುಳಿತೆವು.

"ಚಪ್ಪಾಳಿ ಹೊಡೀರಲ್ರಿ!" ಎಂದ ಸಂಘಟಕ.

"ಮೊದಲ ಅಜ್ಜನ್ನ ಮ್ಯಾಲ ಕರೀರಿ," ಎಂದೆ.

"ಜಾಗಾ ಇಲ್ರಿ ಸಾವ್ಕಾರ್ರ."

"ಅತಿಥಿಗಳ ಸೋಫಾ ಇಳಸ್ರಿ, ಜಾಗಾ ತಾನ ಆಗ್ತದ."

ಹತ್ತಿ ವ್ಯಾಪಾರದಲ್ಲಿ ಕಲಿತದ್ದನ್ನು ನಿಮಗೂ ಹೇಳುತ್ತೇನೆ: ನಿಮ್ಮ ಬೆಲೆ ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರಿ. ಎರಡನೇ ಹಾಡಿಗೂ ಇಡೀ ಮೈದಾನ ಸುಮ್ಮನಿತ್ತು. ಆಮೇಲೆ ಸೋಫಾ ಇಳಿಯಿತು, ಅಜ್ಜ ಹತ್ತಿದರು.

ಈಗಲೂ ಸುರಪುರದ ಹೋಟೆಲಿನಲ್ಲಿ ಚಹಾ ಕುಡಿಯುವಾಗ, "ಮೊದಲ ಕೈ ಕಟ್ಟಿದವ ನಾನ!" ಎಂದು ಗೆಳೆಯರೆಲ್ಲ ಜಗಳಕ್ಕೆ ಬೀಳುತ್ತಾರೆ. ಬಡಿದಾಡಲಿ ಬಿಡಿ. ಅಜ್ಜ ಹತ್ತದಿದ್ದರೆ ನಾವು ಇವತ್ತಿಗೂ ಹಾಗೇ ಕುಳಿತಿರುತ್ತಿದ್ದೆವು.