ಊರಿಗೆಲ್ಲ ಒಂದೇ ಮೇಲ್

ಚೌಡಾಪುರದಲ್ಲಿ ಗಾಣಗಾಪುರದ ದಾರಿ ಒಡೆಯುವ ಕಡೆ ಪಲ್ಲವಿಯ ಆನ್‌ಲೈನ್ ಅಂಗಡಿ ಇದೆ. ಒಂದು ಟೇಬಲ್ಲು, ಒಂದು ಕಂಪ್ಯೂಟರು, ಒಂದು ಪ್ರಿಂಟರು, ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಯಲು ಗೋಡೆಗೆ ಇಳಿಬಿಟ್ಟ ಒಂದು ನೀಲಿ ಪರದೆ. ಅಂಗಡಿಯೆಂದರೆ ಇಷ್ಟೇ. ಆದರೆ ಊರಿನ ಅರ್ಧ ಬದುಕು ಅದರೊಳಗೇ ಇತ್ತೆನ್ನಿ. ಪಹಣಿ ಬೇಕಾದರೂ ಪಲ್ಲವಿ, ಜಾತಿ ಪ್ರಮಾಣಪತ್ರಕ್ಕೂ ಪಲ್ಲವಿ, ಪರೀಕ್ಷೆಯ ಅರ್ಜಿಗೂ ಪಲ್ಲವಿ. ಅವಳ ಅವ್ವ ಮಲ್ಕಮ್ಮ ಒಂದು ಕಾಲಕ್ಕೆ ದೊಡ್ಡ ಮನೆಗಳ ಹಿತ್ತಿಲಲ್ಲೇ ನಿಂತು ಮಾತಾಡಿ ಬಂದವಳು. ಈಗ ಅದೇ ಮನೆಯವರು ಮಗಳ ಮುಂದೆ ಸ್ಟೂಲಿನ ಮೇಲೆ ಕೂತು, "ಜರಾ ಜಲ್ದಿ ಮಾಡು ಪಲ್ಲವಿ," ಎಂದು ಗೋಗರೆಯುತ್ತಿದ್ದರು. ಮಲ್ಕಮ್ಮನಿಗೆ ಅದರಿಂದ ಹೆಮ್ಮೆಯೂ ಇತ್ತು, ದಿಗಿಲೂ ಇತ್ತು.

"ಮಂದೀದು ಎಲ್ಲಾ ನಿನ್ನ ಡಬ್ಬ್ಯಾಗ ಇಟ್ಕೊಂಡಿ ಬೇ. ಒಂದು ಹೆಚ್ಚುಕಮ್ಮಿ ಆದ್ರ ಇವರು ನಮ್ಮನ್ನ ಬಿಡ್ತಾರೇನು?" ಎನ್ನುವಳು.

"ಡಬ್ಬಿಗಿ ಕೀಲಿ ಅದ ಬೇ ಯವ್ವಾ. ಫಿಕರ್ ಮಾಡಬ್ಯಾಡ," ಎಂದು ಪಲ್ಲವಿ ನಗುವಳು.

ಆ ಡಬ್ಬಿ ಹೋದ ವಾರದಿಂದ ಹಟ ಹಿಡಿದಿತ್ತು. ನೆಟ್ಟಿನ ವೈರು ಕಿತ್ತರೆ ಸರಿಯಾಗಿ ಓಡುವುದು. ವೈರು ಚುಚ್ಚಿದರೆ ಸಾಕು, ಗಂಟು ನೋವಿನ ಮುದುಕಿಯಂತೆ ಕೂತಲ್ಲಿಂದ ಏಳದು. ಒಂದು ಪುಟ ತೆರೆಯುವಷ್ಟರಲ್ಲಿ ಒಂದು ಕಪ್ ಚಹಾ ಕುಡಿದು ಕಪ್ಪು ತೊಳೆದಿಡಬಹುದಿತ್ತು. ಪಲ್ಲವಿ ಆರಿಸಿ ಹಚ್ಚಿದಳು. ಡಬ್ಬಿ ಬಿಚ್ಚಿ ಬ್ರಷ್ಷಿನಿಂದ ಧೂಳು ಹೊಡೆದಳು. ವೈರಸ್ ಹುಡುಕುವ ಸಾಫ್ಟ್‌ವೇರ್ ಓಡಿಸಿದಳು. ಅದು ಏನೂ ಇಲ್ಲವೆಂದಿತು. ಬೇಡದ್ದನ್ನೆಲ್ಲ ಅಳಿಸಿದಳು. ಊಹೂಂ. ಬಂದ ಮಂದಿ ಗೊಣಗುತ್ತ ಅಫಜಲಪುರದ ಬಸ್ ಹತ್ತತೊಡಗಿದರು.

ಕೊನೆಗೆ ನೆಟ್ಟಿನ ಲೈನ್ ನೋಡಿಕೊಳ್ಳುವ ಸಂಜುಕುಮಾರನಿಗೆ ಫೋನ್ ಹಚ್ಚಿದಳು.

"ಲೈನ್ ಬರಾಬರ್ ಅದ ಅಕ್ಕಾರ. ನಿಮ್ಮ ಮಷೀನದಾಗೇ ಏನೋ ನೆಟ್ ತಿನ್ನಾಕತ್ತದ," ಎಂದ ಅವನು. "ನೆಟ್ಟಿನ ಡಬ್ಬಿ ಮ್ಯಾಲಿನ ಲೈಟ್ ನೋಡ್ರಿ. ನೀವು ಸುಮ್ನ ಕೂತಾಗೂ ಪಕಪಕ ಅನ್ನಾಕತ್ತದೇನು?"

ಅನ್ನುತ್ತಿತ್ತು. ಹಸಿರು ದೀಪ ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು.

"ಹಂಗಾರ ಯಾರೋ ಒಳಗ ಹೊಕ್ಕಾರ ನೋಡ್ರಿ," ಎಂದು ಅವನು ನಕ್ಕು ಫೋನಿಟ್ಟ.

ಅವನಿಗೇನು, ನಗೆ. ಪಲ್ಲವಿಗೆ ನಗು ಬರಲಿಲ್ಲ. ಯಾಕೆಂದರೆ ಆ ಕಂಪ್ಯೂಟರಿನಲ್ಲಿ ಊರಿನವರ ಆಧಾರು, ಪಹಣಿಗಳಷ್ಟೇ ಇರಲಿಲ್ಲ. ಭುವನೇಶ್ವರಿಯ ಬೆನ್ನಿನ ಫೋಟೋ ಇತ್ತು.

ಭುವನೇಶ್ವರಿ ಶಂಕರಲಿಂಗನ ಹೆಂಡತಿ. ಊರಿನ ಕಣ್ಣಿಗೆ ಶಂಕರಲಿಂಗ ದೇವರಂಥವನು. ಯಾರಿಗೂ ಎದುರಾಡದವನು, ತಗ್ಗಿ ನಡೆಯುವವನು. ಮನೆಯ ಬಾಗಿಲು ಹಾಕಿದ ಮೇಲೆ ಅವನು ಏನಾಗುತ್ತಿದ್ದ ಎಂಬುದು ಹೆಂಡತಿಯ ಬೆನ್ನಿಗೆ ಗೊತ್ತಿತ್ತು. ಮೂರು ದಿನದ ಹಿಂದೆ ಮಟಮಟ ಮಧ್ಯಾಹ್ನ ಅವಳು ರೇಷನ್ ಕಾರ್ಡಿನ ನೆಪ ಹೇಳಿಕೊಂಡು ಅಂಗಡಿಗೆ ಬಂದಿದ್ದಳು. ಕರಜಗಿಯಲ್ಲಿರುವ ಅಣ್ಣ ಅಫಜಲಪುರದ ವಕೀಲರನ್ನು ಕಂಡಿದ್ದ. ಗಾಯ ಮಾಯುವ ಮೊದಲು ಫೋಟೋ ಬೇಕು, ಒಂದರಲ್ಲಿ ಮುಖವೂ ಕಾಣಬೇಕು ಎಂದಿದ್ದರಂತೆ ವಕೀಲರು. ಪಲ್ಲವಿ ಶಟರ್ ಅರ್ಧ ಎಳೆದು, ನೀಲಿ ಪರದೆಯ ಮುಂದೆ ಅವಳನ್ನು ನಿಲ್ಲಿಸಿ ಅಂಗಡಿಯ ಕ್ಯಾಮೆರಾದಿಂದ ಫೋಟೋ ತೆಗೆದಳು. ಬೆಲ್ಟಿನ ಬಾಸುಂಡೆಗಳು ಹೆಗಲಿಂದ ಸೊಂಟದವರೆಗೆ ಎದ್ದಿದ್ದವು. ಫೋಟೋ ತೆಗೆಯುವಾಗ ಭುವನೇಶ್ವರಿ ಕದಲದೆ ನಿಂತಿದ್ದಳು.

"ನನ್ನ ಫೋನ್ ದಿನಾ ನೋಡ್ತಾನ ಬೇ. ನಿನ್ನ ಕಂಪ್ಯೂಟರದಾಗೇ ಇರಲಿ. ಗುರುವಾರ ಅಣ್ಣ ಬರ್ತಾನ, ಅಲ್ಲಿತನಕ ಯಾರಿಗೂ ಮಾಲೂಮ ಆಗಬಾರದು," ಎಂದಿದ್ದಳು. "ಅವನಿಗಿ ಗೊತ್ತಾದ್ರ ನಾ ಉಳಿಯಂಗಿಲ್ಲ."

ಇವತ್ತು ಬುಧವಾರ.

ಪಲ್ಲವಿ ಮತ್ತೆ ಕಂಪ್ಯೂಟರಿನ ಮುಂದೆ ಕೂತಳು. ಯಾವ ಸಾಫ್ಟ್‌ವೇರ್ ಎಷ್ಟು ನೆಟ್ ತಿನ್ನುತ್ತಿದೆ ಎಂದು ತೋರಿಸುವ ಕಿಟಕಿಯೊಂದು ಕಂಪ್ಯೂಟರಿನಲ್ಲೇ ಇರುತ್ತದೆ. ಅದನ್ನು ಒತ್ತಿ ಕಾದಳು. ತೆರೆಯಿತು. ಎಲ್ಲಕ್ಕಿಂತ ಮೇಲೆ ಕೂತು ನೆಟ್ಟನ್ನು ಗಬಗಬ ನುಂಗುತ್ತಿದ್ದದ್ದು ಕಳ್ಳನಲ್ಲ, ಅವಳೇ ಹಾಕಿಕೊಂಡಿದ್ದ ಬ್ಯಾಕಪ್ ಸಾಫ್ಟ್‌ವೇರು.

ಹೋದ ಜೀವ ಬಂತು. "ಥೂ ಇದರ, ಎಷ್ಟು ಅಂಜಿಸ್ತು," ಎಂದು ಗಟ್ಟಿಯಾಗಿ ಬೈದು ನಕ್ಕಳು. ಹೋದ ವಾರವಷ್ಟೇ ಮೇಲ್‌ನವರು ಜಾಗ ತುಂಬಿದೆ ಎಂದು ಕಾಟ ಕೊಟ್ಟಿದ್ದರು. ದುಡ್ಡು ಕಟ್ಟಿ ಜಾಗ ದೊಡ್ಡದು ಮಾಡಿಸಿಕೊಂಡಿದ್ದಳು. ಆಗಲೇ ಅದು, ನಿಮ್ಮ ಕಂಪ್ಯೂಟರಿನ ಫೋಟೋಗಳನ್ನೂ ಜೋಪಾನ ಮಾಡಲೇ ಎಂದು ಕೇಳಿತ್ತು. ಹಿಂದೊಮ್ಮೆ ಹಾರ್ಡ್ ಡಿಸ್ಕ್ ಸುಟ್ಟು ಅನುಭವಿಸಿದವಳು, ಹೂಂ ಎಂದು ಒತ್ತಿದ್ದಳು.

ನಗುತ್ತಿದ್ದ ಬಾಯಿ ಹಾಗೇ ನಿಂತಿತು. ಜೋಪಾನ ಮಾಡುವುದು ಎಲ್ಲಿ? ಯಾವ ಮೇಲ್‌ನಲ್ಲಿ?

ಇಲ್ಲಿ ಪಲ್ಲವಿಯ ಒಂದು ರೂಢಿಯನ್ನು ಹೇಳಲೇಬೇಕು. ಊರಲ್ಲಿ ಯಾರು ಹೊಸ ಫೋನ್ ಕೊಂಡರೂ, "ಚಾಲೂ ಮಾಡಿ ಕೊಡು ಬೇ," ಎಂದು ಅವಳ ಹತ್ತಿರವೇ ತರುತ್ತಿದ್ದರು. ಫೋನು ಮೊದಲು ಕೇಳುವುದೇ ಮೇಲ್ ಐಡಿ. ಜೋಳದ ರಾಶಿ ಬಿಟ್ಟು ಬಂದ ಮುದುಕಿಗೆ ಎಲ್ಲಿಯ ಮೇಲ್? ಮಾಡಿಕೊಟ್ಟರೂ ನಾಳೆಗೆ ಪಾಸ್‌ವರ್ಡ್ ಮರೆತು ಮತ್ತೆ ಬಂದು ಕೂರುವರು. ಬೇಸತ್ತ ಪಲ್ಲವಿ ಊರಿನ ಹೆಸರಲ್ಲೇ ಒಂದು ಮೇಲ್ ಮಾಡಿ ಎಲ್ಲರ ಫೋನಿಗೂ ಅದನ್ನೇ ಹಾಕಿಕೊಟ್ಟಿದ್ದಳು. ಅರ್ಜಿಗಳಿಗೂ ಅದೇ, ಅಂಗಡಿಯ ಕಂಪ್ಯೂಟರಿಗೂ ಅದೇ, ತನ್ನ ಫೋನಿಗೂ ಅದೇ. ಊರಿಗೆಲ್ಲ ಒಂದೇ ಬಾವಿ ಇದ್ದ ಹಾಗೆ. ಅದನ್ನು ತನ್ನ ಜಾಣತನವೆಂದು ಹೇಳಿಕೊಂಡು ತಿರುಗಿದ್ದಳು ಬೇರೆ!

ಬಾವಿಯ ಮಾತು ಹೊಳೆದದ್ದೇ ಅವಳು ಮೌಸ್ ಬಿಟ್ಟಳು. ತನ್ನ ಫೋನನ್ನು ತೆಗೆದು ಫೋಟೋಗಳನ್ನು ತೆರೆದಳು. ಯಾರದೋ ಮನೆಯ ಆಡಿನ ಮರಿ. ಯಾರದೋ ಕಬ್ಬಿನ ಹೊಲ. ತೊಟ್ಟಿಲ ಕೂಸು. ಇವು ಯಾವೂ ಅವಳು ತೆಗೆದ ಫೋಟೋಗಳಲ್ಲ. ಜಾಗ ಸಿಕ್ಕಿದ್ದೇ ತಡ, ಊರಿನ ಫೋನುಗಳಲ್ಲಿ ತಡೆದು ನಿಂತದ್ದೆಲ್ಲ ಒಂದೇ ಕಡೆ ಹರಿದು ಬಂದಿತ್ತು. ಬೆರಳಿನಿಂದ ಇನ್ನಷ್ಟು ಸರಿಸಿದಳು. ನೀಲಿ ಪರದೆ. ಬಾಸುಂಡೆ. ಹೆಗಲ ಮೇಲಿಂದ ತಿರುಗಿ ನೋಡುತ್ತಿರುವ ಭುವನೇಶ್ವರಿಯ ಮುಖ.

"ಯವ್ವಾ, ಸತ್ತೆ," ಎಂದಳು ಪಲ್ಲವಿ. ಶಂಕರಲಿಂಗನ ಫೋನನ್ನು ಚಾಲೂ ಮಾಡಿಕೊಟ್ಟವಳೂ ಅವಳೇ.

ವೈರನ್ನು ಕಿತ್ತೆಸೆದಳು. ಬೇಲಿಯೇ ಎದ್ದು ಹೊಲ ಮೇಯ್ದಂತಾಗಿತ್ತು, ಈಗ ವೈರು ಕಿತ್ತರೆ ಏನು ಬಂತು! ತನ್ನ ಫೋನಿನಲ್ಲೇ ಆ ಫೋಟೋಗಳನ್ನು ಒಂದೊಂದಾಗಿ ಒತ್ತಿ ಅಳಿಸಿದಳು. ಇಲ್ಲಿ ಅಳಿಸಿದರೆ ಎಲ್ಲ ಫೋನುಗಳಲ್ಲೂ ಹೋಗುತ್ತದೆ, ಅಷ್ಟು ಅವಳಿಗೆ ಗೊತ್ತಿತ್ತು. ಯಾವಾಗ ಹೋಗುತ್ತದೆ ಎಂಬುದು ಗೊತ್ತಿರಲಿಲ್ಲ. ಬಿಳಿ ಚಕ್ರ ತಿರುಗುತ್ತಲೇ ಇತ್ತು. ಹೋಗಿ ಭುವನೇಶ್ವರಿಗೆ ಹೇಳಬೇಕು. ಏನೆಂದು ಹೇಳುವುದು? ಫೋನ್ ಮಾಡಿದರೆ ಅವನೇ ಎತ್ತಿದರೆ?

ಹೊರಗೆ ಗಾಡಿ ನಿಂತ ಸಪ್ಪಳವಾಯಿತು. ಶಂಕರಲಿಂಗ ಚಪ್ಪಲಿ ಹೊರಗೇ ಬಿಟ್ಟು ಒಳಗೆ ಬಂದ. ಅಂಗಡಿಗೆ ಚಪ್ಪಲಿ ಬಿಟ್ಟು ಬರುವವನು ಊರಿಗೆ ಅವನೊಬ್ಬನೇ.

"ಏನ್ ಪಲ್ಲವಿ, ಇವತ್ತು ಮಂದಿನೇ ಇಲ್ಲಲ್ಲ?"

"ಕಂಪ್ಯೂಟರ್ ಕೆಟ್ಟದ್ರಿ ಅಣ್ಣಾರ," ಎಂದಳು.

"ನಂದು ಫೋನ್ ಸುದ್ದಾ ಹಂಗೇ ಆಗ್ಯದ. ನೆಟ್ ಹಾಕಿದ್ರ ಸಾಕು, ಕೈ ಸುಡ್ತದ, ಎಳೀತದ. ಜರಾ ನೋಡು." ಫೋನನ್ನು ಟೇಬಲ್ಲಿನ ಮೇಲಿಟ್ಟು ಎದುರಿನ ಸ್ಟೂಲಿನಲ್ಲಿ ಕೂತ.

ನೋಡಿಲ್ಲ ಇವನು, ನೋಡಿದ್ದರೆ ಇಲ್ಲಿಗೆ ಬರುತ್ತಿದ್ದನೇ, ಎಂದುಕೊಂಡಳು ಪಲ್ಲವಿ. ಫೋನನ್ನು ಎದೆಯ ಹತ್ತಿರ ಹಿಡಿದು ಊರ ಮೇಲ್ ಐಡಿಯನ್ನು ಅದರಿಂದ ಕಿತ್ತುಹಾಕಿದಳು. ಖರೆಯೇ ತೆಗೆಯಲೇ ಎಂದು ಅದು ಕೇಳಿತು. ಹೂಂ ಎಂದು ಒತ್ತಿದಳು, ಬೆವರಿದ ಬೆರಳು ಹತ್ತಲಿಲ್ಲ. ಸೆರಗಿಗೆ ಒರೆಸಿಕೊಂಡು ಮತ್ತೆ ಒತ್ತಿದಳು. ಹೋಯಿತು. ಆಡಿನ ಮರಿ, ಕಬ್ಬಿನ ಹೊಲ, ನೀಲಿ ಪರದೆ, ಎಲ್ಲ ಹೋದವು.

"ಏನಾಗಿತ್ತು?"

"ಫೋಟೋ ಬಾಳ ಆಗಿದ್ವು ಅಣ್ಣಾರ. ತಗದೇನಿ. ಇನ್ನ ಸ್ಲೋ ಆಗಂಗಿಲ್ಲ."

"ಹೌದಾ." ಅವನು ಫೋನನ್ನು ಜೇಬಿಗಿಟ್ಟುಕೊಂಡ. ಅವಳನ್ನು ನೋಡಲಿಲ್ಲ, ಅವಳ ಹಿಂದಿನ ಗೋಡೆಯನ್ನು ನೋಡುತ್ತಿದ್ದ. "ಈ ಪರದಾ ಭಾರಿ ಚೆಂದ ಅದ. ಮುಂಜಾನಿಂದ ಯೋಚ್ನಿ ಮಾಡಾಕತ್ತಿದ್ದೆ, ಎಲ್ಲಿ ನೋಡೇನಿ ಇದನ್ನ ಅಂತ."

ಮೆಲ್ಲಗೆ ಎದ್ದ. ಚಪ್ಪಲಿ ಮೆಟ್ಟಿದ. ಗಾಡಿ ಮನೆಯ ಕಡೆ ತಿರುಗಿತು.

ಪಲ್ಲವಿ ಅಂಗಡಿಯನ್ನು ಹಾಗೇ ಬಿಟ್ಟು ಬರಿಗಾಲಲ್ಲಿ ಓಡಿದಳು. ದಾರಿಯಲ್ಲಿ ನೀರು ತರುತ್ತಿದ್ದ ಮಲ್ಕಮ್ಮ, "ಏನಾಯ್ತು ಬೇ? ಎಲ್ಲಿಗಿ?" ಎಂದು ಕೂಗಿದಳು. ಪಲ್ಲವಿ ನಿಲ್ಲಲಿಲ್ಲ. ಒಂದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು: ಅವನಿಗಿ ಗೊತ್ತಾದ್ರ ನಾ ಉಳಿಯಂಗಿಲ್ಲ. ತೆರೆದ ಚರಂಡಿ ದಾಟುವಾಗ ಎಡವಿ ಬಿದ್ದಳು, ಮೊಣಕಾಲು ತರಚಿತು, ಎದ್ದು ಮತ್ತೆ ಓಡಿದಳು. ಓಣಿಯ ತಿರುವಿನಲ್ಲಿ ಅವನ ಗಾಡಿ ಆಗಲೇ ನಿಂತದ್ದು ಕಂಡಿತು.

ಆದರೆ ಅವನು ಗಾಡಿಯ ಮೇಲೆಯೇ ಇದ್ದ. ಮನೆಯ ಮುಂದೆ ಹೆಂಗಸರು ಕೂತಿದ್ದರು. ಕಟ್ಟೆಯ ಮೇಲೆ, ಮೆಟ್ಟಿಲ ಮೇಲೆ, ಬಾಗಿಲಿಗೆ ಅಡ್ಡವಾಗಿ ಕೂತಿದ್ದರು. ಒಬ್ಬಳು ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಇನ್ನೊಬ್ಬಳು ಕೂಸಿಗೆ ಹಾಲು ಕುಡಿಸುತ್ತಿದ್ದಳು. ಹೊಸ್ತಿಲ ಮೇಲೆಯೇ ಕೂತಿದ್ದವಳು ಎದುರು ಮನೆಯ ರೇವಮ್ಮ. ಮೊಮ್ಮಕ್ಕಳ ಮುಖ ನೋಡಲೆಂದು ಫೋನ್ ಕೊಂಡು, ಪಲ್ಲವಿಯಿಂದಲೇ ಚಾಲೂ ಮಾಡಿಸಿಕೊಂಡಿದ್ದ ಮುದುಕಿ. ಇಷ್ಟು ವರ್ಷ ಈ ಮನೆಯ ಚೀರಾಟ ಕೇಳಿಯೂ ಕೇಳದಂತೆ ಇದ್ದವಳು.

"ಬಾರಪ್ಪ ಶಂಕರಲಿಂಗ," ಎಂದಳು ರೇವಮ್ಮ, ಕೂತಲ್ಲಿಂದ ಏಳದೆ. "ಒಳಗ ಹೋಗಾಂವ ಏನು? ನಮ್ಮನ್ನ ತುಳದು ಹೋಗು."

ಅವನು ಗಾಡಿ ಇಳಿಯಲು ಒಂದು ಕಾಲು ನೆಲಕ್ಕೂರಿದ. ಹೆಂಗಸರೆಲ್ಲ ಅವನನ್ನೇ ನೋಡಿದರು. ಊರ ಮುಂದೆ ದೇವರಾಗಿ ಬಾಳಿದವನಿಗೆ ಆ ನೋಟ ತಡೆಯಲಾಗಲಿಲ್ಲ. ಗಾಡಿ ತಿರುಗಿಸಿ ಬಂದ ದಾರಿಯಲ್ಲೇ ಹೋದ.

ಪಲ್ಲವಿ ಗೋಡೆಗೆ ಒರಗಿ ಕೂತಳು. ರೇವಮ್ಮ ಅವಳನ್ನು ಹತ್ತಿರ ಕರೆದು, ದನಿ ತಗ್ಗಿಸಿ ಹೇಳಿದಳು: "ಮುಂಜಾನಿ ಫೋನ್ ತಗದ್ರ ಭುವನೇಶ್ವರಿ ಫೋಟೋ ಬೇ. ನನಗಷ್ಟೇ ಬಂದದ ಅಂತ ತಿಳದಿದ್ದೆ, ನೋಡಿದ್ರ ಎಲ್ಲಾರ ಫೋನಿಗೂ ಬಂದದ. ಪಾಪ, ಬಾಯಿಲೆ ಹೇಳಾಕ ಆಗ್ದ ಹಿಂಗ ಕಳಿಸ್ಯಾಳ ಅಂದ್ಕೊಂಡೀವಿ. ಕರೆದ ಮ್ಯಾಲೂ ಬರಲಿಲ್ಲಂದ್ರ ನಾವು ಮನುಷ್ಯಾರೇನು? ಅವರಣ್ಣಗ ಫೋನ್ ಹಚ್ಚೀವಿ. ಹಾದ್ಯಾಗ ಇದ್ದಾನ."

ಅಣ್ಣನ ಜೀಪು ಬರುವವರೆಗೆ ಹೆಂಗಸರು ಕದಲಲಿಲ್ಲ. ಭುವನೇಶ್ವರಿ ಒಂದು ಚೀಲ ಹಿಡಿದು, ಬಿಸಿಲಿನಲ್ಲೂ ಸೆರಗನ್ನು ಬೆನ್ನಿನ ತುಂಬ ಬಿಗಿಯಾಗಿ ಹೊದ್ದು ಹೊರಗೆ ಬಂದಳು. ಹೆಂಗಸರು ಒಬ್ಬೊಬ್ಬರಾಗಿ ಅವಳ ಕೈ ಮುಟ್ಟಿದರು. ಅವಳು ತಲೆಯಾಡಿಸಿದಳು, ಯಾರ ಮುಖವನ್ನೂ ನೋಡಲಿಲ್ಲ. ಪಲ್ಲವಿಯ ಹತ್ತಿರ ಬಂದಾಗ ಮಾತ್ರ ನಿಂತಳು.

ಪಲ್ಲವಿ ಎದ್ದು ನಿಂತಳು. ಊರ ಮೇಲ್‌ನ ಸಂಗತಿ, ಜಾಗದ ಸಂಗತಿ, ಹೂಂ ಎಂದು ಒತ್ತಿದ್ದು, ಯಾವುದನ್ನು ಮೊದಲು ಹೇಳುವುದೆಂದು ಹುಡುಕಿದಳು.

"ನಿನಗೊಬ್ಬಾಕಿಗೇ ತೋರ್ಸಿದ್ನಲ್ಲ ಬೇ," ಎಂದಳು ಭುವನೇಶ್ವರಿ. ಜೀಪು ಹತ್ತಿದಳು.