ಶಿಳಾ ಖಾನಾವಳಿಯ ಶೇವಂತಾಬಾಯಿ

"ಮಿರಜ್, ಮಿರಜ್, ಮಿರಜ್" ಎಂದು ಕಂಡಕ್ಟರನ ಗಂಟಲು ಹರಿಯುವ ಹೊತ್ತಿಗೆ, ಕಾಗವಾಡದ ಬಸ್ ಸ್ಟ್ಯಾಂಡಿನ ಹಿಂದೆ ಶೇವಂತಾಬಾಯಿಯ ಒಲೆ ಹೊತ್ತಿರುತ್ತದೆ. ಗಂಡ ತೀರಿಕೊಂಡ ಮೇಲೆ ಆಕೆ ನಡೆಸಿಕೊಂಡು ಬಂದ ಖಾನಾವಳಿಗೆ ಹೆಸರೇ ಇರಲಿಲ್ಲ. ಹಸಿದವರು ಹೆಸರು ಕೇಳುತ್ತಲೂ ಇರಲಿಲ್ಲ.

೨೦೧೧ರಲ್ಲಿ ಎದುರಿಗೊಂದು ಎ.ಸಿ. ಹೋಟೆಲು ತೆರೆಯಿತು. ಜನ ಅಲ್ಲಿ ತಂಪಾಗಿ ಕೂತು ಬಿಸಿ ಚಪಾತಿಯನ್ನು ಆರಿಸಿಕೊಂಡು ತಿನ್ನತೊಡಗಿದರು. ಇಲ್ಲಿ ರಾತ್ರಿ ಬಡಿದ ಜೋಳದ ರೊಟ್ಟಿ ಬುಟ್ಟಿಯಲ್ಲೇ ಉಳಿದು ಬೆಳಿಗ್ಗೆ ಎಮ್ಮೆಯ ಪಾಲಾಯಿತು. ಎಮ್ಮೆ ದುಂಡಗಾಯಿತು. ಹೀಗೇ ನಡೆದರೆ ಒಲೆ ಆರಿಸಿ, ಸಾಂಗಲಿಯ ಅಳಿಯನ ಮನೆಯಲ್ಲಿ ಟಿವಿ ಮುಂದೆ ಕೂಡಬೇಕು. ಶೇವಂತಾಬಾಯಿಗೆ ಇದ್ದದ್ದು ಅದೊಂದೇ ಭಯ.

ಅಳಿಯನ ಹೆಸರು ಸಮಾಧಾನ. ಅದು ಇದ್ದದ್ದು ಹೆಸರಿನಲ್ಲಷ್ಟೇ. ವ್ಯಾಪಾರದಲ್ಲಿ ಹೊಸ ವಿಚಾರ ಮಾಡುವುದು ಹೇಗೆಂದು ಕಲಿಸುವ ಶಿಬಿರದಲ್ಲಿ ಕೂತು, ಉಂಡು, ಪ್ರಮಾಣಪತ್ರ ಹಿಡಿದು ಬಂದವನು.

"ಅತ್ತೀ, ನಿಮ್ಮ ಧಂದೆಕ್ಕ ಹೆಸರ ಇಲ್ರಿ. ಅದ ನಿಮ್ಮ ರೋಗ."

"ಹೌದೇನ್ರಿ ಅಳಿಯಾರ? ನಾ ಗಿರಾಕಿ ಇಲ್ಲ ಅಂತ ತಿಳದಿದ್ದೆ ನೋಡ್ರಿ."

ಅವನು ಹೆಂಡತಿ ಶೀಲಾಳ ಹೆಸರನ್ನೇ ಇಡಿಸಿದ. ಬೋರ್ಡು ಬರೆದ ದಾದಾಸಾಹೇಬನಿಗೆ ಕನ್ನಡ, ಮರಾಠಿ ಎರಡೂ ಬರುತ್ತಿದ್ದವು. ಎರಡರಲ್ಲೂ ಅವನಿಗೆ ಲ ಮತ್ತು ಳ ಒಂದೇ, ಹ್ರಸ್ವ ದೀರ್ಘವೂ ಒಂದೇ. 'ಶಿಳಾ ಖಾನಾವಳಿ' ಎಂದು ಬರೆದು ಸುತ್ತ ಗುಲಾಬಿ ಹೂ ಬಿಡಿಸಿದ. ಮರಾಠಿಯಲ್ಲಿ ಶಿಳಾ ಎಂದರೆ ತಂಗಳು. ಬಸ್ಸಿಳಿದವರೆಲ್ಲ ಓದಿ ನಗತೊಡಗಿದರು.

"ಶೇವಂತಾಕ್ಕಾ, ಬೋರ್ಡ ಹಚ್ಚಿ ತಂಗಳ ಮಾರಾಕತ್ತೀಯಲ್ಲ, ಭಾಳ ಪ್ರಾಮಾಣಿಕ ಬಿಡವಾ!" ಎಂದ ಕಬ್ಬಿನ ಟ್ರ್ಯಾಕ್ಟರು ಓಡಿಸುವ ಮಲಕಾರಿ. "ಹಂಗಾರ ಅದನ್ನ ಕೊಡು, ಮೊಸರಾ ಖಾರಾ ಹಾಕಿ. ಮನ್ಯಾಗ ದಿನಾ ಬಿಸೀದ ಬಡದ ಹಾಕ್ತಾಳ, ತಂಗಳ ರೊಟ್ಟಿ ಕಂಡ ಎಷ್ಟ ದಿನಾ ಆತು!"

ಸಮಾಧಾನ ಬೋರ್ಡು ಅಳಿಸಲು ಏಣಿ ತಂದ. ಶೇವಂತಾಬಾಯಿ ಏಣಿಯನ್ನು ಒಳಗೆ ಎಳೆದಿಟ್ಟುಕೊಂಡಳು. ಮರುದಿನದಿಂದ ಬೆಳಗಿನ ಹೊತ್ತು ನಿನ್ನೆಯ ರೊಟ್ಟಿ, ಕೆನೆಮೊಸರು, ಕುಟ್ಟಿದ ಹಸಿಮೆಣಸಿನಕಾಯಿ. ತಂಗಳೆಂದು ಹೇಳಿಯೇ ಬಡಿಸಿದಳು. ಕಬ್ಬು ಹೇರುವವರು, ಮೊದಲ ಬಸ್ಸಿಗೆ ಹೋಗುವ ಮಾಸ್ತರರು ಸಾಲುಗಟ್ಟಿದರು. ಎಮ್ಮೆ ಬಡವಾಯಿತು.

ಹೆಸರು ಹಬ್ಬಿದಂತೆ ರಾತ್ರಿಯ ಊಟಕ್ಕೂ ಜನ ಬಂದು ಬುಟ್ಟಿ ಬರಿದಾಗತೊಡಗಿತು. ಈಗ ತಂಗಳಾಗಲೆಂದೇ ಸಂಜೆ ಬೇರೆ ರೊಟ್ಟಿ ಬಡಿಯಬೇಕು. ಎದುರಿನ ಹೋಟೆಲಿನವರೂ ಎ.ಸಿ. ಕೋಣೆಗೆ 'ಅಸಲಿ ತಂಗಳು' ಎಂದು ಫಲಕ ತೂಗುಹಾಕಿದ್ದಾರೆ. ಸಮಾಧಾನ ಮಾತ್ರ ಶಿಬಿರಗಳಲ್ಲಿ, ಆ ಹೆಸರು ತನಗೆ ಹೊಳೆದದ್ದು ಹೇಗೆಂದು ಭಾಷಣ ಮಾಡುತ್ತಾನೆ.

ದಸರೆಗೆ ಬಂದವನು ಅತ್ತೆಯ ಎದುರು ಕೂತ. "ಅತ್ತೀ, ಇನ್ನರ ಸಾಂಗಲಿಗೆ ಬಂದ ಆರಾಮ ಕುಂದರ್ರಿ. ಇಲ್ಲಿ ನಾ ಮ್ಯಾನೇಜರ್ ಇಡ್ತೀನಿ."

"ನಿಮ್ಮ ಮಾತ ನಾ ತಗದ ಹಾಕೇನೇನ್ರಿ ಅಳಿಯಾರ? ಬರ್ತಿದ್ದೆ. ಆದ್ರ ನಾಳಿನ ತಂಗಳ ಇನ್ನಾ ಹಿಟ್ಟಿನಾಗ ಐತಿ, ನಿಮ್ಮ ಮ್ಯಾನೇಜರಗ ರೊಟ್ಟಿ ಬಡ್ಯಾಕ ಬರತೈತೋ ಇಲ್ಲೋ, ಬರತೈತಿ ಅಂದ್ರ ಮೊದಲ ಅಂವಗ..." ಎನ್ನುತ್ತಲೇ ಸೆರಗು ಸಿಕ್ಕಿಸಿಕೊಂಡು ಶೇವಂತಾಬಾಯಿ ಒಲೆಯ ಕಡೆ ನಡೆದುಬಿಟ್ಟಳು.