ರಾಗಿ ಹಿಟ್ಟಿನ ಮುಖ

ರಾಗಿ ಹಿಟ್ಟಿಗೆ ಬಿಸಿನೀರು ಬಿದ್ದಾಗ ಏಳುವ ಹಸಿ ವಾಸನೆ ಮೂಗಿಗೆ ತಾಗಿದರೆ ನನಗೆ ಊಟ ನೆನಪಾಗುವುದಿಲ್ಲ, ಅಜ್ಜನ ಕೈಗಳು ನೆನಪಾಗುತ್ತವೆ. ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ಹಾಸನದ ಕಡೆಯಿಂದ ಬಂದ ನಮ್ಮವರು ಕುಶಾಲನಗರದ ಹತ್ತಿರ, ಹಾರಂಗಿ ಹೊಳೆಯ ಪಕ್ಕ ಗದ್ದೆ ಮಾಡಿಕೊಂಡಿದ್ದರು. ಅಜ್ಜ, ಅಂದರೆ ಅಪ್ಪನ ಅಪ್ಪ, ಬೇಸಾಯಗಾರನೇ; ಆದರೆ ಮುರಿದ ಸಾಮಾನು ಅವನ ಕೈಗೆ ಸಿಕ್ಕರೆ ಸಾಮಾನಾಗಿ ಉಳಿಯುತ್ತಿರಲಿಲ್ಲ. ಸವೆದ ಕುಡುಗೋಲು ಕೊಕ್ಕರೆಯಾಗಿ ಗದ್ದೆಯ ಬದುವಿನಲ್ಲಿ ನಿಂತಿತ್ತು. ಹಳೆಯ ಕೊಡೆಕಡ್ಡಿಗಳು ಏಡಿಯಾಗಿ ಬಚ್ಚಲ ಕಲ್ಲಿನ ಮೇಲೆ ಕೂತು, ಅಕ್ಕಿ ಕೊಳ್ಳಲು ಸಿದ್ದಾಪುರದಿಂದ ಬಂದ, ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರನ್ನು ಹಿಂದಕ್ಕೆ ಹಾರಿಸಿದ್ದವು. "ಸೌಟಿಗೂ ಜೀವ ಬಂದು ಹಾರಿಹೋದ್ರೆ ಸಾರು ಏತರಲ್ಲಿ ಬಡಿಸ್ಲಿ ಮಾವ?" ಎಂದು ಅವ್ವ ಗೊಣಗುತ್ತಿದ್ದಳು.

ಒಂದು ಆಷಾಢದಲ್ಲಿ ಅಪ್ಪ ಸೋಮವಾರಪೇಟೆ ಸಂತೆಯಿಂದ ಬರುವಾಗ ಹರಿಗೋಲು ಮಗುಚಿತು. ಹೆಣ ಸಿಗಲಿಲ್ಲ. ಹಾಗೆ ಹೋದವರಿಗೆ ಹುಲ್ಲಿನ ಆಳು ಕಟ್ಟಿ ಸುಡುವುದು ನಮ್ಮಲ್ಲಿನ ಪದ್ಧತಿ. ಅದಾಗದೆ ಸತ್ತವನಿಗೆ ದಾರಿಯಿಲ್ಲ ಎಂದು ಹಿರಿಯರು ನಂಬಿದ್ದರು. ಬರೀ ಹುಲ್ಲು ಸಾಕು, ಮುಖ ಬೇಡ ಎಂದು ಎಲ್ಲರೂ ಹೇಳಿದರು. ಅಜ್ಜನ ಕೈ ಕೇಳಲಿಲ್ಲ. ಹುಲ್ಲಿಗೆ ಅಪ್ಪನ ಕಂಬಳಿ ಹೊದಿಸಿದ. ನೊಗ ಹೊತ್ತು ಇಳಿದಿದ್ದ ಎಡಹೆಗಲನ್ನು ಇಳಿಸಿಯೇ ಕಟ್ಟಿದ. ರಾಗಿ ಹಿಟ್ಟು ನಾದಿ ಮುಖ ಮಾಡಿ, ಮಸಿ ಹಚ್ಚಿದ ತೆಂಗಿನ ನಾರಿನಿಂದ ಹುಬ್ಬು, ಮೀಸೆ ಇಟ್ಟ. ಜಗಲಿಯಲ್ಲಿ ಮಲಗಿಸಿದಾಗ ಅಪ್ಪ ದಣಿದು ಬಂದು ನಿದ್ದೆ ಹೋದಂತಿತ್ತು. ಎಚ್ಚರವಾಗಬಾರದೆಂದು ನಾನು ಮೆಲ್ಲಗೆ ಹೆಜ್ಜೆಯಿಟ್ಟೆ.

ಅದುವರೆಗೆ ಒಳಗೇ ಇದ್ದ ಅವ್ವ ಬಂದು ಪಕ್ಕದಲ್ಲಿ ಕೂತಳು. ಕೆನ್ನೆಗೆ ಅಂಟಿದ್ದ ಹಿಟ್ಟಿನ ಹುಡಿಯನ್ನು ಸೆರಗಿನಿಂದ ಒರೆಸಿದಳು. ಎತ್ತಲು ಬಂದವರಿಗೆ ಬಿಡಲಿಲ್ಲ. ಮಳೆ ಬಿಟ್ಟಿರುವಾಗಲೇ ಮುಗಿಸಬೇಕೆಂದು ಅವರು ಅವಸರಪಡಿಸಿದರು. ಕಂಬಳಿಯ ಅಂಚು ಹಿಡಿದ ಅವಳ ಮುಷ್ಟಿ ಸಡಿಲಲಿಲ್ಲ.

"ಅವ್ರು ಹುಲ್ಲು ಕಟ್ಟಿ ಅಂದ್ರು. ನೀವು ಇವ್ರನ್ನೇ ತಂದು ಮಲಗಿಸಿದ್ರಿ. ನಾನು ಕೊಡಾಕಿಲ್ಲ ಮಾವ," ಅಂದಳು.

ಅಜ್ಜ ಬಹಳ ಹೊತ್ತು ಮಗನ ಮುಖವನ್ನೇ ನೋಡಿದ. ಆಮೇಲೆ ಬಗ್ಗಿ ಹೆಬ್ಬೆರಳಿನಿಂದ ಮೂಗನ್ನು ಒತ್ತಿದ. ಕಣ್ಣುಗಳನ್ನು ಒತ್ತಿದ. ಬಾಯಿಯ ಹತ್ತಿರ ಬೆರಳು ತುಸು ನಿಂತಿತು, ಅದನ್ನೂ ಒತ್ತಿದ.

"ಈಗ ಬರೀ ಹಿಟ್ಟು ಕಣವ್ವ. ಕೊಡು."

ಅವ್ವ ಕೈ ಬಿಟ್ಟಳು.

ಆಮೇಲೆ ಮುರಿದ ಸಾಮಾನು ಕೈಗೆ ಸಿಕ್ಕರೂ ಅಜ್ಜ ಅದರಿಂದ ಏನನ್ನೂ ಮಾಡಲಿಲ್ಲ. ಈಗ ಅವನೂ ಇಲ್ಲ, ಅವ್ವನೂ ಇಲ್ಲ. ತೀರಿಕೊಂಡವರ ಮುಖ ಎಷ್ಟು ಬೇಗ ಮಸುಕಾಗುತ್ತದೆಂದು ನಿಮಗೂ ಗೊತ್ತಿರಬಹುದು. ಅಪ್ಪನದು ಒಂದು ಫೋಟೋ ಕೂಡ ಇರಲಿಲ್ಲ. ಅವನನ್ನು ನೆನೆಯಲು ಕೂತರೆ ಬರುವುದು ಜಗಲಿಯಲ್ಲಿ ಮಲಗಿದ್ದ ಆ ಮುಖವೊಂದೇ. ಅವನು ನಿಜವಾಗಿ ಹಾಗೆಯೇ ಇದ್ದನೇ ಎಂದು ಕೇಳಲು ಯಾರೂ ಉಳಿದಿಲ್ಲ.